ಬೀಗ ಹೋಯಿತು, ತಕ್ಕಡಿ ಯಾರು ನೋಡಬೇಕು?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಕಾಫಿ ತೋಟ. ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಎರಡು ರೂಮಿನ ಹೋಂಸ್ಟೇ ಮಾಡುವ ಯೋಚನೆಯೂ ಇದೆ. 'ಸರ್ಕಾರ ಕಾಫಿಯಿಂದ ಕೈ ತೆಗೆದ ಮೇಲೇ ನಾವು ಮನೆಗೆ ಹೆಂಚು ಹಾಕಿಸಿದ್ದು' ಅಂತ ನಮ್ಮ ಅಪ್ಪ ಯಾವಾಗಲೂ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ಇದಕ್ಕೆ ಉಲ್ಟಾ. ವ್ಯಾಪಾರದ ಮೇಲಿನ ನಿಯಮ ಸಡಿಲ ಮಾಡಿದರೆ ದೊಡ್ಡವರಿಗೆ ಮಾತ್ರ ಲಾಭ ಅನ್ನುತ್ತಾನೆ. ಹಬ್ಬಕ್ಕೆ ಬಂದಾಗೆಲ್ಲ ಇದೇ ಜಗಳ. ಯಾರು ಹೇಳುವುದು ಸರಿ? ಇನ್ನೊಂದು ವಿಷಯ: ರೇಟ್ ಏರಬಹುದು ಅಂತ ಕಾಫಿಯನ್ನು ವ್ಯಾಪಾರಿಯ ಗೋಡೌನಿನಲ್ಲಿ ಇಟ್ಟು, ಆಮೇಲೆ ರೇಟ್ ಮಾಡಿದರೆ ತಪ್ಪೇನಾದರೂ ಇದೆಯಾ?

ಉತ್ತರ: ನಿಮ್ಮ ಅಪ್ಪನ ಹೆಂಚಿನಿಂದಲೇ ಶುರು ಮಾಡುತ್ತೇನೆ. ನಾನೂ ಮೂಡಿಗೆರೆ ಕಡೆಯ ಸಣ್ಣ ತೋಟದ ಮನೆಯವನು. ಆಮೇಲೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡು ಇದ್ದವನು. ಹಾಗಾಗಿ ಈ ಜಗಳದ ಎರಡೂ ಕಡೆ ನನಗೆ ನೆಂಟರಿದ್ದಾರೆ.

ಎರಡನೇ ಮಹಾಯುದ್ಧ ಶುರುವಾದಾಗ ನಮ್ಮ ಕಾಫಿಗೆ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಬೆಳೆಗಾರರನ್ನು ಉಳಿಸಬೇಕು ಅಂತ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದಿತು. 1942ರಲ್ಲಿ ಕಾಫಿ ಕಾಯ್ದೆ ಬಂತು. ಅಲ್ಲಿಂದ ನಡೆದದ್ದು ಪೂಲ್ ಪದ್ಧತಿ. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಸ್ವಲ್ಪ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಪೂಲಿಗೆ ಹಾಕಬೇಕು. ಎಲ್ಲರ ಕಾಫಿಯನ್ನೂ ಸೇರಿಸಿ ಸರ್ಕಾರದ ಕಾಫಿ ಬೋರ್ಡು ಮಾರುತ್ತಿತ್ತು. ಜಾತಿ, ದರ್ಜೆ ನೋಡಿ ಪಾಯಿಂಟ್ ಲೆಕ್ಕ ಹಾಕಿ, ದುಡ್ಡನ್ನು ಕಂತಿನಲ್ಲಿ ಕೊಡುತ್ತಿತ್ತು. ಹೊರಗೆ ಯಾರಿಗಾದರೂ ಮಾರಿದರೆ ಅದು ಅಪರಾಧ. ಕಡೆಯ ಕಂತು ಕೈಗೆ ಬರುವಷ್ಟರಲ್ಲಿ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿತ್ತು ಅಂತ ಮಲೆನಾಡಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಕಳ್ಳ ಕಾಫಿಯ ಕಥೆಗಳೂ ಆ ಕಾಲದವೇ. ಬೆಳೆದವನೇ ತನ್ನ ಬೆಳೆಯನ್ನು ಕದ್ದು ಮಾರಬೇಕು! ಇಂಥ ನಿಯಮ ಹೋದಾಗ ಜನ ಸಂತೋಷಪಟ್ಟದ್ದರಲ್ಲಿ ಆಶ್ಚರ್ಯ ಏನಿದೆ?

ಆ ಪೂಲನ್ನು ಹೊರಗಿನಿಂದ ಎತ್ತಿಹಿಡಿದಿದ್ದ ಕಂಬಗಳೂ ಬಿದ್ದವು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅಂತ ಕೋಟಾ ಹಾಕುತ್ತಿದ್ದ ಅಂತಾರಾಷ್ಟ್ರೀಯ ಒಪ್ಪಂದ 1989ರ ಜುಲೈನಲ್ಲಿ ಮುರಿದುಬಿತ್ತು. ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಚೂರಾಯಿತು. 1992ರಿಂದ ಸರ್ಕಾರ ಒಂದೊಂದೇ ಪಾಲು ಬಿಟ್ಟುಕೊಡುತ್ತಾ ಬಂತು. ಸಣ್ಣ ಬೆಳೆಗಾರರಿಗೆ ಮೊದಲು ಪೂರ್ತಿ ಬಿಡುಗಡೆ ಸಿಕ್ಕಿತು. 1996ರ ಹೊತ್ತಿಗೆ ಎಲ್ಲರಿಗೂ.

ಇಲ್ಲಿ ಒಂದು ತಮಾಷೆ ಇದೆ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಎರಡು ಸಲ ಕೊರೆಯುವ ಚಳಿ ಬಿದ್ದು ಕಾಫಿ ಗಿಡಗಳು ಸುಟ್ಟುಹೋದವು. ಪ್ರಪಂಚದಲ್ಲೆಲ್ಲ ರೇಟ್ ಹಾರಿತು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಸಣ್ಣ ಬೆಳೆಗಾರರಿಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಹಾಗಾಗಿ ನಿಮ್ಮ ಮನೆಯ ಹೆಂಚಿನಲ್ಲಿ ಅರ್ಧ ಸ್ವಾತಂತ್ರ್ಯದ್ದು, ಅರ್ಧ ಬ್ರೆಜಿಲ್‌ನದು. ಇದನ್ನು ಅಪ್ಪನಿಗೆ ಊಟ ಆದ ಮೇಲೆ ಹೇಳಿ, ಮೊದಲು ಬೇಡ.

ಐದಾರು ವರ್ಷಕ್ಕೆ ಆಟ ತಿರುಗಿತು. ವಿಯೆಟ್ನಾಂ ರೋಬಸ್ಟಾ ಜಾತಿಯ ಕಾಫಿ ಬೆಳೆದು ಪ್ರಪಂಚದ ಎರಡನೇ ಸ್ಥಾನಕ್ಕೆ ಬಂತು. 2001ರಲ್ಲಿ ಕಾಫಿಯ ಅಂತಾರಾಷ್ಟ್ರೀಯ ಸರಾಸರಿ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಹಣ್ಣು ಕೊಯ್ಯಿಸಿದ ಕೂಲಿಯೂ ಹುಟ್ಟದ ತೋಟಗಳಿದ್ದವು. ಪೂಲ್ ಇದ್ದಿದ್ದರೆ ರೇಟ್ ಬೀಳುತ್ತಲೇ ಇರಲಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಅದು ಸುಳ್ಳು, ಆಗಲೂ ಬೀಳುತ್ತಿತ್ತು. ಆದರೆ ಪೂಲ್ ಇದ್ದಾಗ ಹೊಡೆತ ಎಲ್ಲರಿಗೂ ಹಂಚಿಹೋಗುತ್ತಿತ್ತು. ಈಗ ಯಾರು ಯಾವ ದಿನ ಮಾರಿದರು, ಯಾರಿಗೆ ಬ್ಯಾಂಕಿನ ಸಾಲದ ಗಡುವು ಹತ್ತಿರ ಇತ್ತು ಅನ್ನುವುದರ ಮೇಲೆ ಹೋಯಿತು. ತಡೆದುಕೊಳ್ಳುವ ಶಕ್ತಿ ಇದ್ದವರು ತಡೆದರು. ಇಲ್ಲದವರು ತೋಟ ಮಾರಿದರು. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) 50 ಕೆಜಿ ಚೀಲಕ್ಕೆ 25,000 ರೂಪಾಯಿ ದಾಟಿತಲ್ಲ, ಆಗಲೂ ಅಷ್ಟೇ. ಚೀಲ ಕೈಯಲ್ಲಿದ್ದವರಿಗೆ ಹಬ್ಬ, ಕೊಯ್ಲಾದ ಕೂಡಲೇ ಮಾರಿದವರಿಗೆ ಹೊಟ್ಟೆನೋವು.

ನಿಮ್ಮ ಅಪ್ಪ ಮತ್ತು ತಮ್ಮ 'ನಿಯಮ' ಅನ್ನುವ ಒಂದೇ ಮಾತನ್ನು ಹಿಡಿದು ಎರಡು ಬೇರೆ ವಸ್ತುಗಳ ಬಗ್ಗೆ ಜಗಳ ಆಡುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಬಾಗಿಲಿಗೆ ಬೀಗ ಹಾಕುವ ನಿಯಮ ಒಂದು. ಯಾರಿಗೆ ಮಾರಬೇಕು, ಯಾರು ಕಾರ್ಖಾನೆ ಹಾಕಬಹುದು, ಎಷ್ಟು ತಯಾರಿಸಬಹುದು ಅಂತ ಹೇಳುವಂಥದ್ದು. ತಕ್ಕಡಿ ನೋಡುವ ನಿಯಮ ಇನ್ನೊಂದು. ತೂಕ ಸರಿ ಇದೆಯಾ, ಹೇಳಿದ ದಿನ ದುಡ್ಡು ಬಂತಾ, ಹೊಳೆಗೆ ಏನು ಬಿಟ್ಟರು, ಕೆಲಸದವರು ಮಲಗುವ ಲೈನ್ ಮನೆ ಸೋರುತ್ತಿದೆಯಾ ಅಂತ ಕೇಳುವಂಥದ್ದು. ಅಪ್ಪ ಬೈಯುವುದು ಬೀಗವನ್ನು. ತಮ್ಮ ಹೆದರುವುದು ತಕ್ಕಡಿ ನೋಡುವವನು ಮನೆಗೆ ಹೋದ ಅಂತ.

ಕಾಫಿಯಲ್ಲಿ ಆದದ್ದು ಏನೆಂದರೆ ಎರಡೂ ಒಟ್ಟಿಗೆ ಹೋದವು. ಬೋರ್ಡಿನ ದುಡ್ಡು ತಡವಾಗಿ ಬರುತ್ತಿತ್ತು ನಿಜ, ಆದರೆ ಬರುತ್ತಿತ್ತು. ದರ್ಜೆ ಕಟ್ಟುವುದಕ್ಕೆ, ಲೆಕ್ಕ ಇಡುವುದಕ್ಕೆ ಒಂದು ಪದ್ಧತಿ ಇತ್ತು. ಬೀಗ ತೆಗೆಯುವ ಭರದಲ್ಲಿ ಆ ಕೆಲಸವನ್ನೆಲ್ಲ ಇನ್ನು ಮುಂದೆ ಯಾರು ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಅದು ಸದ್ದಿಲ್ಲದೆ ಬೆಳೆಗಾರನ ತಲೆ ಮೇಲೆ ಬಂತು. ಇವತ್ತು ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅಂದರೆ ನಿಮ್ಮಂಥವರದು.

ಇದು ಎಲ್ಲಿ ಚುಚ್ಚುತ್ತದೆ ಅಂತ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು ಮಾರುವ ದಿನ ನೋಡಿ. ರೇಟ್ ನಿಂತಿರುವುದು ಔಟ್‌ಟರ್ನ್ ಮೇಲೆ. 50 ಕೆಜಿ ಚೆರ್ರಿ ಹಲ್ ಮಾಡಿದರೆ (ಸಿಪ್ಪೆ ತೆಗೆದರೆ) ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅದು. ಸ್ಯಾಂಪಲ್ ತೆಗೆಯುವವನು ವ್ಯಾಪಾರಿ. ಹಲ್ ಮಾಡುವ ಮೆಶೀನು ಅವನದು. ತೇವಾಂಶ ನೋಡುವ ಮೀಟರು ಅವನದು. ತಕ್ಕಡಿಯೂ ಅವನದು. ಇಪ್ಪತ್ತೇಳು ಬರಬೇಕಾದ ಕಡೆ ಇಪ್ಪತ್ತಾರು ಅಂದರೆ ಚೀಲಕ್ಕೆ ಒಂದು ಕೆಜಿ ಬೀಜದ ದುಡ್ಡು ಹೋಯಿತು. ನಲವತ್ತು ಚೀಲಕ್ಕೆ ನಲವತ್ತು ಕೆಜಿ. ಎಲ್ಲ ವ್ಯಾಪಾರಿಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಮೂರು ತಲೆಮಾರಿನಿಂದ ಒಂದೇ ಮಾತಿನ ಮೇಲೆ ವ್ಯಾಪಾರ ಮಾಡುವವರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಒಳ್ಳೆಯತನದ ಮೇಲೆ ಇಡೀ ಮಾರುಕಟ್ಟೆ ನಿಲ್ಲಬೇಕಾ ಅನ್ನುವುದು ಪ್ರಶ್ನೆ.

ನಮ್ಮ ಮನೆಯದೇ ಒಂದು ಕಥೆ ಹೇಳುತ್ತೇನೆ. ನಮ್ಮ ಚಿಕ್ಕಪ್ಪ ನಲವತ್ತು ಚಿಲ್ಲರೆ ಚೀಲ ಚೆರ್ರಿಯನ್ನು ಪರಿಚಯದ ವ್ಯಾಪಾರಿಯೊಬ್ಬರ ಹತ್ತಿರ ಇಟ್ಟರು. ರೇಟ್ ಏರಿದಾಗ ಬೆಲೆ ತೀರ್ಮಾನ ಮಾಡೋಣ ಅಂತ ಬಾಯಿಮಾತು. ಕೈಗೆ ಸಿಕ್ಕಿದ್ದು ಅಂಗೈ ಅಗಲದ ಒಂದು ಚೀಟಿ, ಅದರಲ್ಲಿ ಚೀಲದ ಲೆಕ್ಕ ಮತ್ತು ಒಂದು ಸಹಿ. ಚಿಕ್ಕಪ್ಪ ರೇಟ್ ಏರಲಿ ಅಂತ ಕಾಯುತ್ತಿದ್ದಾಗ ಕಾಫಿ ಆಗಲೇ ಮಂಗಳೂರಿನ ದಾರಿ ಹಿಡಿದಿತ್ತು. ಆ ದುಡ್ಡು ಇನ್ನೆಲ್ಲೋ ಸೈಟಿನಲ್ಲಿ ಹೂತಿತ್ತು. ಒಂದು ಬೆಳಿಗ್ಗೆ ಅಂಗಡಿಯ ಷಟರ್ ಏಳಲಿಲ್ಲ. ಇವರ ಹಾಗೆ ಇನ್ನೂ ಎಷ್ಟೋ ಜನ ಬಾಗಿಲ ಮುಂದೆ ನಿಂತಿದ್ದರು. ಕೋರ್ಟಿನಲ್ಲಿ ಆ ಚೀಟಿ ನೋಡಿದ ವಕೀಲರು ಮೊದಲು ಕೇಳಿದ್ದು, 'ಇದು ಇಟ್ಟಿದ್ದಾ, ಮಾರಿದ್ದಾ?' ಚಿಕ್ಕಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಈ ಪ್ರಶ್ನೆಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

2020ರ ಕೃಷಿ ಕಾಯ್ದೆಗಳ ಗಲಾಟೆಯನ್ನೂ ಇದೇ ಕನ್ನಡಕ ಹಾಕಿ ನೋಡಬಹುದು. ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ಮಾರಿದವರಿಗೆ ಮಂಡಿಯ ಕಷ್ಟ ಗೊತ್ತು. ರೈತನ ಪಟ್ಟಿಯಲ್ಲಿ ಇರಬಾರದ ಕಮಿಷನ್ ಹಿಡಿಯುವುದು, ಸೂಟು (ತೂಕದ ಕಡಿತ) ಅಂತ ನಾಲ್ಕು ಗೆಡ್ಡೆ ತೆಗೆಯುವುದು, ಕಾಯಿಸುವುದು. ಹೊರಗೆ ಯಾರಿಗಾದರೂ ಮಾರಿ ಅಂತ ಕೇಂದ್ರದ ಕಾಯ್ದೆ ಹೇಳಿತು. ಬೀಗ ತೆಗೆಯಿತು, ಒಳ್ಳೆಯದೇ. ಆದರೆ ಹೊರಗೆ ಕೊಳ್ಳುವವನಿಗೆ ಪ್ಯಾನ್ ಕಾರ್ಡ್ ಇದ್ದರೆ ಸಾಕು ಅಂದಿತು. ದುಡ್ಡನ್ನು ಅದೇ ದಿನ ಕೊಡಬೇಕು, ತಡವಾದರೆ ಮೂರು ಕೆಲಸದ ದಿನದೊಳಗೆ ಅಂತ ಬರೆದಿತ್ತು. ಕೊಡದಿದ್ದರೆ? ಎಸಿ ಸಾಹೇಬರ ಹತ್ತಿರ ಹೋಗಬೇಕು, ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ಯಾರ್ಡಿನ ಒಳಗಿನ ವ್ಯಾಪಾರಿಗೆ ಲೈಸೆನ್ಸ್ ಇರುತ್ತದೆ, ಮೋಸ ಮಾಡಿದರೆ ಅದು ಹೋಗುತ್ತದೆ ಅನ್ನುವ ಅಂಜಿಕೆ ಇರುತ್ತದೆ. ಪ್ಯಾನ್ ಕಾರ್ಡಿನಲ್ಲಿ ಅಂಜಿಕೆ ಎಲ್ಲಿದೆ? ಆ ಕಾಯ್ದೆಗಳನ್ನು 2021ರ ನವೆಂಬರಿನಲ್ಲಿ ವಾಪಸ್ ತೆಗೆದುಕೊಂಡರು. ನನ್ನ ಅಭಿಪ್ರಾಯ ಕೇಳಿದರೆ, ಯಾರ್ಡಿನ ಹೊರಗೆ ಮಾರಲು ಬಿಟ್ಟಿದ್ದು ತಪ್ಪಲ್ಲ. ಕೊಳ್ಳುವವನಿಂದ ಒಂದು ಠೇವಣಿಯನ್ನೂ ಕೇಳದೆ ಬಿಟ್ಟಿದ್ದು ತಪ್ಪು.

ಹಾಲಿನಲ್ಲಿ ಇದೇ ಬಿಡುಗಡೆ ಬೇರೆ ಥರ ಆಯಿತು. 1991ರಲ್ಲಿ ಡೇರಿಗೆ ಲೈಸೆನ್ಸ್ ಬೇಡ ಅಂದರು. ಮರುವರ್ಷ ಒಂದು ನಿಯಂತ್ರಣ ಆದೇಶ ತಂದು, 2002ರಲ್ಲಿ ಅದನ್ನೂ ಸಡಿಲ ಮಾಡಿದರು. ಖಾಸಗಿ ಡೇರಿಗಳು ಬಂದವು. ಆದರೂ ಹಾಸನದ ಹಳ್ಳಿಗಳಲ್ಲಿ ಹಾಲು ಹಾಕುವವರು ಬೀದಿಗೆ ಬೀಳಲಿಲ್ಲ. ಯಾಕೆಂದರೆ ಊರೂರಿಗೆ ಸಹಕಾರ ಸಂಘ ಇತ್ತು. ಕ್ಯಾನಿನ ಪಕ್ಕ ಫ್ಯಾಟ್ ನೋಡುವ ಮೆಶೀನು ಇತ್ತು, ಚೀಟಿ ಸಿಗುತ್ತಿತ್ತು. ಖಾಸಗಿಯವನು ಬಂದರೆ ಅದಕ್ಕಿಂತ ನಾಲ್ಕಾಣೆ ಜಾಸ್ತಿ ಕೊಡಬೇಕು. ಕಾಫಿಗೆ ಅಂಥ ಗಟ್ಟಿ ಸಂಘ ನಾವು ಕಟ್ಟಿಕೊಳ್ಳಲಿಲ್ಲ. ಇದಕ್ಕೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ.

ಇನ್ನು ನಿಮ್ಮ ತಮ್ಮನ ತಲೆಯಲ್ಲಿ ಇರುವುದು ಬಹುಶಃ ಹೊಸ ಕಾರ್ಮಿಕ ಸಂಹಿತೆಗಳು. 2025ರ ನವೆಂಬರ್ 21ರಿಂದ ನಾಲ್ಕೂ ಜಾರಿಗೆ ಬಂದಿವೆ. ಮೊದಲು ನೂರು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ಕೆಲಸಗಾರರನ್ನು ತೆಗೆಯಬೇಕಾದರೆ, ಕಾರ್ಖಾನೆ ಮುಚ್ಚಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಲೆಕ್ಕ ಮುನ್ನೂರಕ್ಕೆ ಹೋಗಿದೆ. ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಅನ್ನಿಸಿಕೊಳ್ಳಲು ಹತ್ತು ಜನ ಸಾಕಿತ್ತು, ಈಗ ಇಪ್ಪತ್ತು ಬೇಕು. ಬೆಳಿಗ್ಗೆ ಬಸ್ಸಿನಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡು ಗಾರ್ಮೆಂಟ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಹಾಸನದಲ್ಲಿ ನೋಡಿದ್ದೀರಲ್ಲ? ಇನ್ನೂರೈವತ್ತು ಜನರ ಘಟಕ ನಾಳೆ ಬಾಗಿಲು ಹಾಕಿದರೆ ಇನ್ನು ಸರ್ಕಾರದ ಒಪ್ಪಿಗೆ ಬೇಕಿಲ್ಲ. ಪರಿಹಾರ, ನೋಟಿಸು ಕೊಡಬೇಕು ನಿಜ. ಆದರೆ 'ಯಾಕೆ' ಅಂತ ಮೊದಲೇ ಕೇಳುವವರು ಇಲ್ಲ. ಅನುಮತಿಯ ಹೆಸರಿನಲ್ಲಿ ಕಾಡಿದ್ದರಿಂದ ಕಂಪನಿಗಳು ದೊಡ್ಡದಾಗಲು ಹೆದರುತ್ತಿದ್ದವು ಅನ್ನುವ ವಾದದಲ್ಲಿ ಹುರುಳಿದೆ. ನೂರು ಆಗಬಾರದು ಅಂತ ತೊಂಬತ್ತೊಂಬತ್ತಕ್ಕೇ ನಿಲ್ಲಿಸಿ, ಮಿಕ್ಕವರನ್ನು ಗುತ್ತಿಗೆಯಲ್ಲಿ ತೆಗೆದುಕೊಳ್ಳುವುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ.

ತೋಟದ ಕೆಲಸದವರಿಗೆ ಮನೆ, ಆಸ್ಪತ್ರೆ, ಕೂಸಿನ ಮನೆ ಕೊಡಬೇಕು ಅಂತ ಹೇಳುತ್ತಿದ್ದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೂ ಇದೇ ಸಂಹಿತೆಗಳಲ್ಲಿ ಸೇರಿಹೋಗಿದೆ. ಇನ್ಸ್‌ಪೆಕ್ಟರ್ ಈಗ ಬರೀ ಇನ್ಸ್‌ಪೆಕ್ಟರ್ ಅಲ್ಲ, ನಮಗೆ ಅನುಕೂಲ ಮಾಡಿಕೊಡುವವನೂ ಹೌದು. ಹೆಸರು ಚೆನ್ನಾಗಿದೆ. ಅಸ್ಸಾಮಿನಿಂದ ಬಂದು ನಮ್ಮ ಲೈನ್ ಮನೆಯಲ್ಲಿ ಇರುವ, ಕನ್ನಡ ಬಾರದ ಹುಡುಗ ಅವನನ್ನು ಹುಡುಕಿಕೊಂಡು ಹೋಗುತ್ತಾನಾ? ನಿಮಗೇ ಗೊತ್ತು.

2023ರ ಜನ ವಿಶ್ವಾಸ ಕಾಯ್ದೆಯನ್ನು ನಾನು ಬಹುಪಾಲು ಒಪ್ಪುತ್ತೇನೆ. 42 ಕಾನೂನುಗಳ 183 ಕಲಮುಗಳಲ್ಲಿ ಜೈಲು ತೆಗೆದು ದಂಡ ಹಾಕುವಂಥ ಬದಲಾವಣೆ ಮಾಡಿದರು. ಒಂದು ರಿಜಿಸ್ಟರ್ ಬರೆಯಲಿಲ್ಲ ಅಂತ ಕಿರಾಣಿ ಅಂಗಡಿಯವನನ್ನು ಜೈಲಿನ ಹೆಸರು ಹೇಳಿ ಹೆದರಿಸಿ ದುಡ್ಡು ಕೀಳುವುದು ನಿಲ್ಲಲಿ. ಆದರೆ ದಂಡದ ಬಗ್ಗೆ ಒಂದು ಮಾತು. ಲಕ್ಷ ರೂಪಾಯಿ ದಂಡ ನಿಮಗೆ ಒಂದು ವರ್ಷದ ಗೊಬ್ಬರದ ದುಡ್ಡು. ದೊಡ್ಡ ಕಂಪನಿಗೆ ಅದು ಕಾಫಿ ತಿಂಡಿ ಖರ್ಚು.

ಈಗ ನಮ್ಮ ಕಡೆಗೇ ಬೆರಳು ತೋರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವ್ಯಾಪಾರ ಅಂದ ಕೂಡಲೇ ನಾವು ಸೂಟು ಹಾಕಿದವರನ್ನು ನೆನೆಯುತ್ತೇವೆ. ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಮೆಶೀನು ಇಟ್ಟ ಬೆಳೆಗಾರನೂ ವ್ಯಾಪಾರಿಯೇ. ಹಣ್ಣು ಪಲ್ಪ್ ಮಾಡಿದ ನೀರಿನಲ್ಲಿ ಸಕ್ಕರೆ, ಲೋಳೆ ತುಂಬಿರುತ್ತದೆ. ಅದನ್ನು ಹಳ್ಳಕ್ಕೆ ಬಿಟ್ಟರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮೀನು ಸಾಯುತ್ತವೆ. ಡಿಸೆಂಬರ್, ಜನವರಿಯಲ್ಲಿ ಹೇಮಾವತಿಗೆ ಸೇರುವ ಕೆಲವು ಹಳ್ಳಗಳ ಹತ್ತಿರ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಆ ನೀರು ಗೊರೂರಿನ ಅಣೆಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಎಷ್ಟೋ ಊರಿನ ಕೊಡಕ್ಕೆ. ಮಾಲಿನ್ಯ ನಿಯಂತ್ರಣ ಮಂಡಳಿ ಗುಂಡಿ ತೋಡಿ, ಸುಣ್ಣ ಹಾಕಿ, ನೀರು ಇಂಗಿಸಿ ಅಂದಾಗ ನಮ್ಮಲ್ಲಿ ಎಷ್ಟು ಜನ 'ಬೆಳೆಗಾರರಿಗೆ ಕಿರುಕುಳ' ಅನ್ನಲಿಲ್ಲ? ಔಟ್‌ಟರ್ನ್ ವಿಷಯದಲ್ಲಿ ನಿಯಮ ಬೇಕು, ಪಲ್ಪರ್ ವಿಷಯದಲ್ಲಿ ಬೇಡ. ಮನುಷ್ಯರಲ್ವಾ.

ಮೆಣಸಿನ ಕಥೆ ಇನ್ನೂ ಚೆನ್ನಾಗಿದೆ. ಶ್ರೀಲಂಕಾದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅಲ್ಲಿನ ಮೆಣಸಿಗೆ ಸುಂಕದಲ್ಲಿ ರಿಯಾಯಿತಿ ಸಿಕ್ಕಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ವೇಷ ಹಾಕಿಕೊಂಡು ಬರುತ್ತಿದೆ ಅಂತ ನಮ್ಮವರು ಕೂಗಿದರು. ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿತು. ಕಾಫಿಯಲ್ಲಿ ಸರ್ಕಾರ ಕೈ ತೆಗೆದಿದ್ದಕ್ಕೆ ಖುಷಿಪಟ್ಟವರೇ ಮೆಣಸಿನಲ್ಲಿ ಕೈ ಹಾಕಿ ಅಂತ ಕೇಳಿದ್ದು. ನಿಮ್ಮ ಅಪ್ಪನೂ ಅವತ್ತು ಚಪ್ಪಾಳೆ ತಟ್ಟಿರಬೇಕು, ವಿಚಾರಿಸಿ ನೋಡಿ.

ಹೋಂಸ್ಟೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ರೂಮಿನ ಬಣ್ಣಕ್ಕಿಂತ ಮೊದಲು ಶೌಚಾಲಯದ ಪಿಟ್ ಗುಂಡಿ ಬಾವಿಯಿಂದ ದೂರ ಇದೆಯಾ ನೋಡಿ. ಕೇಳುವವರು ಬರಲಿ, ಬಿಡಲಿ, ಆ ಬಾವಿಯ ನೀರು ಕುಡಿಯುವವರು ನೀವು.

ಕೊನೆಯದಾಗಿ ಗೋಡೌನಿನ ಪ್ರಶ್ನೆ. ಕಾಫಿ ಇಡಬಾರದು ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲೇ ಒಣ ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಇಲ್ಲದಿದ್ದರೆ ಅರ್ಧ ಕೊಯ್ಲಾದ ಕೂಡಲೇ ಮಾರಿ, ಸಾಲದ ಕಂತು ಮುಗಿಸಿ, ಉಳಿದ ಅರ್ಧವನ್ನು ಮಾತ್ರ ಇಡಿ. ಎಲ್ಲವನ್ನೂ ಒಬ್ಬರ ಹತ್ತಿರವೇ ಇಡಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಮುದ್ರೆ ಹಾಕಬೇಕು. ಆ ವರ್ಷದ ಮುದ್ರೆ ಇದೆಯಾ ಅಂತ ಕೇಳುವುದಕ್ಕೆ ನಾಚಿಕೆ ಬೇಡ. ಸ್ಯಾಂಪಲ್ ತೆಗೆಯುವಾಗ ನೀವೂ ಒಂದು ಹಿಡಿ ತೆಗೆದಿಟ್ಟುಕೊಂಡು ಬೇರೆ ಕಡೆ ಔಟ್‌ಟರ್ನ್ ನೋಡಿಸಿ.

ಎಲ್ಲಕ್ಕಿಂತ ಮುಖ್ಯ, ನಮ್ಮ ಚಿಕ್ಕಪ್ಪನ ವಕೀಲರು ಕೇಳಿದ ಪ್ರಶ್ನೆ. ಚೀಟಿಯಲ್ಲಿ 'ಇಟ್ಟಿದ್ದು' ಅಂತ ಇದ್ದರೆ ಕಾಫಿ ಇನ್ನೂ ನಿಮ್ಮದೇ. ನಿಮ್ಮನ್ನು ಕೇಳದೆ ಮಾರಿದರೆ ಅದು ನಂಬಿಕೆದ್ರೋಹ, ಪೊಲೀಸ್ ಠಾಣೆಗೆ ಹೋಗಬಹುದು. 'ಮಾರಾಟ, ರೇಟ್ ಆಮೇಲೆ' ಅಂತ ಇದ್ದರೆ ಕಾಫಿ ಅವನದಾಯಿತು, ನೀವು ಅವನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟವರು. ಅವನು ದಿವಾಳಿ ಎದ್ದರೆ ಬ್ಯಾಂಕಿನವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಏನೂ ಬರೆಯದಿದ್ದರೆ ಇಪ್ಪತ್ತು ವರ್ಷ ವಾದ ಮಾಡಬಹುದು.

ನಿಮ್ಮ ಅಪ್ಪನ ಪೆಟ್ಟಿಗೆಯಲ್ಲಿ ಪೂಲ್ ಕಾಲದ ಹಳೆಯ ರಸೀದಿ ಏನಾದರೂ ಉಳಿದಿದ್ದರೆ ಈ ಸಲ ತೆಗೆಸಿ ನೋಡಿ. ತಾರೀಖು, ತೂಕ, ಯಾವ ಕಾಫಿ, ಯಾವ ದರ್ಜೆ ಅಂತ ಬರೆದಿರುತ್ತದೆ. ಅದರ ಜೊತೆ ತೇವಾಂಶ, ಔಟ್‌ಟರ್ನ್, 'ಇಟ್ಟಿದ್ದು' ಅನ್ನುವ ಮಾತು, ಮೂರು ಸೇರಿಸಿ ಒಂದು ಹಾಳೆಯಲ್ಲಿ ಗೆರೆ ಹಾಕಿಕೊಳ್ಳಿ. ಕಾಫಿ ಚೀಲ ಜೀಪಿನಿಂದ ಇಳಿಸುವ ಮೊದಲು ಆ ಹಾಳೆಯನ್ನು ವ್ಯಾಪಾರಿಯ ಮುಂದೆ ಇಡಿ.